ಭರಣಿಯ ಬಾಯಲ್ಲೊಂದು ಕಾರ್ಡು

ನನಗೆ ಮುಟ್ಟಿ ನೋಡದೆ ಯಾವುದರ ಮೇಲೂ ನಂಬಿಕೆ ಬರುವುದಿಲ್ಲ. ಶಿರಸಿ ಪೇಟೆಯಲ್ಲಿ ಬದನೆಕಾಯಿ ಹಿಚುಕಿ ಹಿಚುಕಿ ಬೈಸಿಕೊಂಡವನು ನಾನು. ಅಂಥವನ ಮನೆಯಲ್ಲಿ ಈಗ ಮುಟ್ಟಲು ಬಾರದ ಹಣವಿದೆ.

ಹಣ ನನ್ನದಲ್ಲ, ಹೆಂಡತಿ ಸರಸ್ವತಿಯದು. ಅಪ್ಪೆಮಿಡಿ ಉಪ್ಪಿನಕಾಯಿ ಮಾರಿ ಗಳಿಸಿದ್ದನ್ನು ಯಲ್ಲಾಪುರದ ತಂಗಿಯ ಮಾತು ಕೇಳಿ ಕ್ರಿಪ್ಟೊ ನಾಣ್ಯಕ್ಕೆ ಹಾಕಿದ್ದಳು. ನಮ್ಮೂರು ಎಕ್ಕಂಬಿಯಿಂದ ಶಿರಸಿಗೆ ಬಸ್ಸನ್ನೂ ನನ್ನನ್ನೂ ಕಾಯದೆ ಹೋಗಲು ಸ್ವಂತ ಸ್ಕೂಟರ್ ಬೇಕೆಂಬುದು ಅವಳ ಆಸೆ. ಆ ಹಣದ ಕೀಲಿ ಇರುವುದು ಒಂದು ತೆಳ್ಳನೆಯ ಕಾರ್ಡಿನಲ್ಲಿ. ಅದನ್ನು ಫೋನಿನ ಹತ್ತಿರ ಹಿಡಿದರೆ ಫೋನಿನೊಳಗಿನ ವ್ಯಾಲೆಟ್, ಅಂದರೆ ಹಣದ ಚೀಲ, ತೆರೆಯುತ್ತದೆ. ಕಾರ್ಡು ಕೆಟ್ಟರೆ ಎಲ್ಲ ಮುಗಿಯಿತು; ಬ್ಯಾಂಕಿನಲ್ಲಿದ್ದಂತೆ ಗೋಗರೆಯೋಣವೆಂದರೆ ಒಬ್ಬ ಮ್ಯಾನೇಜರನೂ ಇಲ್ಲ.

ನಮ್ಮಲ್ಲಿ ಕಪಾಟನ್ನು ಯಾರು ಬೇಕಾದರೂ ತೆಗೆಯುತ್ತಾರೆ. ಮೀಯದೆ ಉಪ್ಪಿನಕಾಯಿ ಭರಣಿ ಮುಟ್ಟುವ ಧೈರ್ಯ ಮಾತ್ರ ಯಾರಿಗೂ ಇಲ್ಲ. ಮುಟ್ಟಿದರೆ ಬೂಸಲು ಬರುತ್ತದೆ, ಆಮೇಲೆ ವರ್ಷವಿಡೀ ಬೈಗುಳ. ಹಾಗಾಗಿ ಸರಸ್ವತಿ ಕಾರ್ಡನ್ನು ಭರಣಿಯ ಬಾಯಿಗೆ ಕಟ್ಟುವ ಬಟ್ಟೆಯ ಪದರದೊಳಗೆ ಸೇರಿಸಿ ಬಿಗಿದಿದ್ದಳು.

ಮೊನ್ನೆ ನಮ್ಮಿಬ್ಬರಿಗೂ ಇದ್ದ ಒಂದೇ ಫೋನು ನನ್ನ ಕೈಜಾರಿ ಬಾವಿಗೆ ಬಿತ್ತು. ಹೊಸದನ್ನು ತರಲು ಶಿರಸಿಗೆ ಹೋದವನು, ಹೇಗೂ ಬಂದಿದ್ದೇನಲ್ಲ ಎಂದು ಕ್ಷೌರವನ್ನೂ ಮುಗಿಸಿಕೊಂಡು ಬಂದೆ. ಹೊಸ ಫೋನಿಗೆ ವ್ಯಾಲೆಟ್ ಹಾಕಿಕೊಂಡು, ಕಾರ್ಡು ಹಿಡಿದು ನೋಡೋಣವೆಂದು ಭರಣಿಯತ್ತ ಹೊರಟರೆ ಅಡುಗೆಮನೆಯ ಹೊಸ್ತಿಲಲ್ಲೇ ಸರಸ್ವತಿಯ ತಡೆ ಬಿತ್ತು.

"ಮುಟ್ಟಡಿ! ಕ್ಷೌರ ಮಾಡ್ಸ್ಕಂಡು ಬಂದು ಭರಣಿ ಮುಟ್ಟಲೆ ಹೊಂಟ್ರನ? ಮಿಂದ್ಕಂಡು ಬನ್ನಿ."

"ಉಪ್ಪಿನ ಪಸೆಗೆ ಕಾರ್ಡು ಹಾಳಾಗಿದ್ರೆ ಎಂತ ಮಾಡದು?" ಎಂದೆ.

ಅವಳ ಮುಖ ಸಣ್ಣದಾಯಿತು. ನಾನು ಮಿಂದು ಬರುವವರೆಗೆ ಕಾಯುವ ತಾಳ್ಮೆ ಇಬ್ಬರಿಗೂ ಉಳಿಯಲಿಲ್ಲ. ಮಡಿಯುಟ್ಟ ಅವಳು ಒಳಗಿನಿಂದ ಭರಣಿ ಎತ್ತಿ ಹಿಡಿದಳು, ನಾನು ಹೊರಗಿನಿಂದ ಫೋನು ಚಾಚಿದೆ. ನಡುವೆ ಒಂದು ಬೆರಳಿನಷ್ಟು ಗಾಳಿ. ಏನೂ ಆಗಲಿಲ್ಲ. ಫೋನನ್ನು ಅತ್ತ ಇತ್ತ ಸರಿಸಿದೆ. ಅವಳು ಭರಣಿಯನ್ನು ಇನ್ನೊಂದು ಚೂರು ಮುಂದೆ ತಂದಳು.

ಝುಂ ಎಂದಿತು ಫೋನು.

ನನಗೆ ಮೈ ಜುಮ್ಮೆಂದಿತು. ಆ ಕಾರ್ಡಿಗೆ ಬ್ಯಾಟರಿ ಇಲ್ಲ, ತಂತಿ ಇಲ್ಲ. ಉಪ್ಪು, ಮೆಣಸಿನ ಘಾಟಿನ ಮೇಲೆ ತಿಂಗಳುಗಟ್ಟಲೆ ಮಲಗಿದ್ದದ್ದು, ಫೋನು ಹತ್ತಿರ ಬಂದಾಗ ಅದರ ಶಕ್ತಿಯನ್ನೇ ಚೂರು ಪಡೆದು ಎಚ್ಚರವಾಗಿ 'ಇದ್ದೇನೆ' ಎಂದಿತು. ಬಟ್ಟೆ ಅಡ್ಡಿಯಾಗಲಿಲ್ಲ, ಮಡಿ ಕೆಡಲಿಲ್ಲ. ಎಲ್ಲೋ ಕುಳಿತು ಇದನ್ನು ಕಂಡುಹಿಡಿದವರ ಅಜ್ಜಿಯೂ ಭರಣಿ ಕಾಯುತ್ತಿದ್ದಿರಬೇಕು ಎನಿಸಿತು.

ಅಷ್ಟರಲ್ಲಿ ಫೋನಿನ ಪರದೆ ಗುಟ್ಟಿನ ಸಂಖ್ಯೆ ಕೇಳಿತು. ಅದು ಗೊತ್ತಿದ್ದದ್ದು ಅವಳೊಬ್ಬಳಿಗೇ.

"ಹೇಳು, ಆನೇ ಒತ್ತತೆ," ಎಂದು ಆಸೆಯಿಂದ ನಾನೇ ಬೆರಳು ಮುಂದೆ ಮಾಡಿದೆ.

ಸರಸ್ವತಿ ನನ್ನನ್ನೂ, ನನ್ನ ಕುತ್ತಿಗೆಯ ಮೇಲಿನ ಕತ್ತರಿಸಿದ ಕೂದಲನ್ನೂ ನೋಡಿದಳು. ಭರಣಿಯನ್ನು ಮೆಲ್ಲಗೆ ಅದರ ಜಾಗದಲ್ಲಿಟ್ಟಳು.

"ಕೊಡಿ ಇಲ್ಲಿ. ಆನು ಮತ್ತೊಂದ್ಸಲ ಮೀತೆ."

ಮಡಿಯಲ್ಲಿದ್ದವಳು ಮೈಲಿಗೆಯಾದರೂ ಸರಿ ಎಂದು ನನ್ನ ಕೈಯಿಂದ ಫೋನು ಕಸಿದುಕೊಂಡು, ನನಗೆ ಬೆನ್ನು ಹಾಕಿ ನಿಂತು ಸಂಖ್ಯೆ ಒತ್ತಿದಳು. ಹಣ ಇದ್ದ ಹಾಗೇ ಇತ್ತು. ಸಂಖ್ಯೆ ಯಾವುದೆಂದು ನಾನು ಕೇಳಲಿಲ್ಲ. ಕೇಳಿದ್ದರೆ ಸ್ಕೂಟರಿನ ಹಿಂದಿನ ಸೀಟೂ ಸಿಗುತ್ತಿರಲಿಲ್ಲ.