ನಮ್ಮ ಮನೆ ಹಾಲು ಕುಡಿದ ಚಾಂಪಿಯನ್

ಹಸಿಹಾಲಿನ ವಾಸನೆ ಮೂಗಿಗೆ ಬಡಿದರೆ ನಿಮಗೆ ಕಾಫಿ ನೆನಪಾಗಬಹುದು. ನನಗೆ ಮಾತ್ರ ಯಾರಿಗಾದರೂ ಒಂದು ಗುದ್ದು ಕೊಡೋಣವೆನಿಸುತ್ತದೆ. ಇವತ್ತು ಬೆಳಿಗ್ಗೆ ಡೇರಿಯ ಸಾಲಿನಲ್ಲಿ ಕ್ಯಾನಿನ ಮುಚ್ಚಳ ತೆಗೆದಾಗಲೂ ಹಾಗೇ ಆಯಿತು. ಗಾಬರಿಯಾಗಬೇಡಿ, ನಾನು ಯಾರಿಗೂ ಹೊಡೆದವನಲ್ಲ. ಹಸು ಒದ್ದರೂ ಸುಮ್ಮನೆ ಎದ್ದು ಪಂಚೆ ಕೊಡವಿಕೊಳ್ಳುವ ಆಸಾಮಿ.

ಕ್ಯಾಸಂಬಳ್ಳಿ ಕಡೆಯ ನಮ್ಮೂರಿನಿಂದ ನಮ್ಮಪ್ಪನೂ ಸೋದರತ್ತೆಯ ಗಂಡನೂ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಕೆಜಿಎಫ್‌ನ ಗಣಿ ಕೆಲಸಗಾರರ ಲೈನುಮನೆಗಳಿಗೆ ಹಾಲು ಹಾಕುತ್ತಿದ್ದರು. ಆಗ ಅಲ್ಲಿ ಬಾಕ್ಸಿಂಗಿನ ಹುಚ್ಚು. ನಮ್ಮಪ್ಪ ಹಾಕುತ್ತಿದ್ದುದು ಅಂತೋಣಿ ಎಂಬ ದೈತ್ಯನ ಮನೆಗೆ. ಅವನು ಬಾಗಿಲಲ್ಲಿ ಬಗ್ಗಿಯೇ ಹೊರಬರಬೇಕಿತ್ತಂತೆ. ಸೋದರತ್ತೆಯ ಗಂಡ ಹಾಕುತ್ತಿದ್ದುದು ಚಿನ್ನರಾಜು ಎಂಬ ಗಿಡ್ಡನ ಮನೆಗೆ. ಅವರವರ ತೂಕದಲ್ಲಿ ಇಬ್ಬರೂ ಚಾಂಪಿಯನ್ನರೇ, ಆದ್ದರಿಂದ ಎಂದೂ ಎದುರುಬದುರಾಗಲಿಲ್ಲ. ಆಗದ ಆ ಪಂದ್ಯವನ್ನು ನಾನೂ ಅತ್ತೆಯ ಮಗ ಮುನಿವೆಂಕಟ ಬಾವನೂ ಡೇರಿಯ ಮುಂದೆ ವರ್ಷಗಟ್ಟಲೆ ಬಾಯಲ್ಲೇ ಆಡಿಸಿದೆವು. ನಾವಿಬ್ಬರೂ ಆ ಬಾಕ್ಸರುಗಳ ಮುಖ ಕಂಡವರಲ್ಲ ಎಂಬುದು ಬೇರೆ ಮಾತು. ನಮ್ಮ ಮನೆ ಹಾಲು ಕುಡಿದವನು ಸೋಲಬಾರದು, ಅಷ್ಟೆ.

"ಅಂತೋಣಿ ಒಂದ್ ಗುದ್ದು ಬಿಟ್ರೆ ನಿಮ್ಮ ಗಿಡ್ಡ ಓಗಿ ಬಂಗಾರಪೇಟೆ ಟೇಸನ್ನಾಗೆ ಬೀಳ್ತಾನೆ" ಎನ್ನುತ್ತಿದ್ದೆ.

"ಗುದ್ದಾಕೆ ಸಿಕ್ಕಿದ್ರೆ ತಾನೆ? ಸೀಮೆ ಅಸ ಬಿಂದಿಗೆ ಆಲು ಕೊಡ್ತದೆ, ಕೆನೆ ಎಲ್ಲೈತೆ? ನಾಟಿ ಅಸ ಚೊಂಬು ಕೊಟ್ರೂ ಬೆರಳಿಗೆ ಅಂಟ್ತದೆ ಕಣ್ಲಾ" ಎನ್ನುತ್ತಿದ್ದ ಬಾವ.

ಉತ್ತರ ಹೊಳೆಯದಿದ್ದಾಗ, ಅಂದರೆ ದಿನಾಲೂ, ನಾನು ಅವರಪ್ಪನ ಕ್ಯಾನಿಗೇ ಕೈ ಹಾಕುತ್ತಿದ್ದೆ. "ನಿಮ್ಮಪ್ಪನ ನೀರಾಲು ಕುಡ್ದೋನು ಎಂಗ್ ಗೆಲ್ತಾನೆ ಬಾವ?" ಅಲ್ಲಿಗೆ ಬಾಕ್ಸಿಂಗ್ ಮುಗಿದು ವಂಶದ ಮಾನದ ಪ್ರಶ್ನೆ ಶುರುವಾಗುತ್ತಿತ್ತು. "ಮೊದ್ಲು ಆಲು ಸುರೀರಪ್ಪಾ, ಇಂದೆ ಜನ ನಿಂತವ್ರೆ" ಎಂದು ಡೇರಿ ಸೆಕ್ರೆಟರಿ ಗೋಗರೆಯುತ್ತಿದ್ದ. ಒಮ್ಮೆ ಅಂತೋಣಿಯ ಗುದ್ದು ಹೇಗಿರುತ್ತಿತ್ತೆಂದು ತೋರಿಸಲು ಹೋಗಿ ನನ್ನ ಕ್ಯಾನನ್ನೇ ಉರುಳಿಸಿಕೊಂಡೆ. ಹಾಲೆಲ್ಲ ಮೋರಿಯ ಪಾಲಾಯಿತು. "ನೋಡ್ದಾ, ನಿಮ್ಮ ಅಂತೋಣಿ ಬೀಳಿಸಿದ್ದು ಯಾರ್ನ?" ಎಂದ ಬಾವ. ಮನೆಯಲ್ಲಿ ಹಸು ಒದೆಯಿತೆಂದು ಹೇಳಿದೆ. ಪಾಪ, ಅದಕ್ಕೆ ಬಾಯಿಲ್ಲ.

ಹೋದ ವರ್ಷ ಬಾವನಿಗೆ ಹೊಟ್ಟೆಯ ಆಪರೇಷನ್ನಾಯಿತು. ನೋಡಲು ಹೋದರೆ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದ, ಆಳು ಅರ್ಧವಾಗಿದ್ದ. ಇವನು ಉಳಿಯುವುದಿಲ್ಲವೇನೋ ಎಂದು ನನಗೆ ಭಯವಾಯಿತು. ಹಣ್ಣು ಕೊಟ್ಟೆ, ಮಳೆಬೆಳೆಯ ಮಾತಾಡಿದೆ. ಕೊನೆಗೆ, ಇವನ ಮನಸ್ಸಿಗೆ ಒಂದಿಷ್ಟು ಸಂತೋಷವಾಗಲಿ ಎಂದು ದೊಡ್ಡ ತ್ಯಾಗಿಯಂತೆ ಹೇಳಿಬಿಟ್ಟೆ:

"ಯೋಚ್ನೆ ಮಾಡ್ದೆ ಬಾವ. ನಿಮ್ಮ ಚಿನ್ನರಾಜೂನೇ ಗೆಲ್ತಾನೆ ಬಿಡು."

ಬಾವನ ಮುಖದಲ್ಲಿದ್ದ ರಕ್ತವೆಲ್ಲ ಇಳಿದುಹೋಯಿತು. ನನ್ನ ಕೈ ಹಿಡಿದು, ದನಿ ತಗ್ಗಿಸಿ ಕೇಳಿದ:

"ನಾನು ಓಗ್ಬಿಡ್ತೀನಿ ಅಂತ ಡಾಕ್ಟ್ರು ನಿಂಗೇನಾದ್ರೂ ಏಳಿದ್ರೇನ್ಲಾ?"

ಈಗ ಸಮಾಧಾನದ ಮಾತು ಆಡಿದರೆ ಕೆಟ್ಟೆ. ಇದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದೆ: "ತಮಾಷೆಗಂದ್ರೆ ನಿಜ ಅಂದ್ಕೊಂಡ್ಯಾ? ನೀರಾಲು ಕುಡ್ದೋನು ಗೆಲ್ತಾನಂತೆ, ಮುಕ ನೋಡು!"

ಬಾವ ಕಂಬಳಿ ತಳ್ಳಿ ನೆಟ್ಟಗೆ ಕೂತ. "ಯಾರ್ದಲಾ ನೀರಾಲು?" ಎಂದು ಶುರುಮಾಡಿದವನು ನಿಲ್ಲಿಸಲೇ ಇಲ್ಲ. ಅವನ ಹೆಂಡತಿ ಓಡಿಬಂದು, "ಅಣ್ಣಾ, ಒಟ್ಟೆ ಒಲಿಗೆ ಕಿತ್ತೋಗ್ತದೆ, ಸುಮ್ನಿರಿ" ಎಂದು ಬೇಡಿಕೊಂಡಳು. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಅವಳು ನಗುವೆಂದುಕೊಂಡಳು.

ಬಾವ ಇನ್ನೂ ಕ್ಯಾನು ಎತ್ತುವಂತಿಲ್ಲ. ಡೇರಿಗೆ ಹಾಲು ಸುರಿದು ನಾನೇ ಅವನ ಜಗಲಿಗೆ ಹೋಗುತ್ತೇನೆ, ಜಗಳಕ್ಕೆ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಈಚೆಗೆ ಆ ಗಿಡ್ಡನೇ ಗೆಲ್ಲುತ್ತಾನೆಂದು ನನಗೆ ನಿಜವಾಗಿಯೂ ಅನ್ನಿಸತೊಡಗಿದೆ. ಆದರೆ ಬಾವ ಬದುಕಿರುವತನಕ ಅದನ್ನು ಅವನೆದುರು ಬಾಯಿಬಿಡುವ ಧೈರ್ಯ ನನಗಿಲ್ಲ.