ಕಾಯಿ ಕಡಿಯದ ಚೌಕಾಬಾರ

ಕೊಳ್ಳೇಗಾಲದಿಂದ ರಾಮಾಪುರಕ್ಕೆ ಹೊರಟ ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸಿನ ಮೊಬೈಲಿನಲ್ಲಿ ಕಂಡದ್ದು ನಾನೇ ಮಾಡಿದ ಆನ್‌ಲೈನ್ ಚೌಕಾಬಾರ! ಹಿಗ್ಗಿನಿಂದ ಇಣುಕಿದೆ. ಎದುರಾಳಿಯ ಕಾಯಿ ಕಡಿಯುವಂಥ ಗರ ಬಿದ್ದರೂ ಆಕೆ ಬೇರೆ ಕಾಯಿ ನಡೆಸಿದರು. ಮತ್ತೊಮ್ಮೆಯೂ ಹಾಗೇ. ಒಂದಾದರೂ ಕಡಿಯದೆ ಒಳಮನೆಗೆ ಹೋಗುವಂತಿಲ್ಲ. ಆಟ ಮುಗಿಯುವುದಾದರೂ ಹೇಗೆ?

ತಡೆಯಲಾರದೆ ಕೇಳಿದೆ: "ಅಕ್ಕ, ಆ ಕಾಯಿ ಕಡೀಬೋದಿತ್ತಲ್ಲ?"

"ಗೊತ್ತು ಕಣಪ್ಪ. ಆ ಕಡೆ ಆಡ್ತಿರೋಳು ಗೋಪಿನಾಥಂ ಊರ್ಗೆ ಕೊಟ್ಟಿರೋ ನನ್ ತಂಗಿ. ಆಟ ಮುಗುದ್ರೆ ಫೋನ್ ಮಡುಗ್ಬುಟ್ಟು ಓಯ್ತಾಳೆ. ಅವ್ಳೂ ನನ್ ಕಾಯಿ ಕಡಿಯಕಿಲ್ಲ."

ಮುಗಿಯದೆ ಉಳಿದ ಆಟಗಳು ತಾವಾಗಿಯೇ ಅಳಿಸಿಹೋಗುವ ಹಾಗೆ ಮಾಡಲು ಹೊರಟಿದ್ದೆ. ಕೈಬಿಟ್ಟೆ. ಸರ್ವರ್‌ನಲ್ಲಿ ನೋಡಿದಾಗಲೆಲ್ಲ ಆ ಅಕ್ಕತಂಗಿಯರ ಆಟ ಇನ್ನೂ ನಡೆಯುತ್ತಲೇ ಇದೆ. ಇಬ್ಬರೂ ಈವರೆಗೆ ಒಂದು ಕಾಯನ್ನೂ ಕಡಿದಿಲ್ಲ.