ಒಣಗಿಸಬಾರದ ನಾರು

ಪುರಿತಾ ತಾತೆಲ್ ಅವರ ಬಲಗೈಯ ನಾಲ್ಕು ಬೆರಳುಗಳಿಗೆ ಉಗುರಿಲ್ಲ. ಕಾಸ್ಟಿಕ್ ಸೋಡಾ ತಿಂದುಹಾಕಿದೆ. ಸಹಕಾರ ಸಂಘದವರು ಕೈಗವಸು ಕೊಟ್ಟದ್ದು ಆಮೇಲೆ.

ಬೆಳಗಿನ ಐದು ಗಂಟೆ. ಕಟಂಡುವಾನೆಸ್ ದ್ವೀಪದ ತಗಡಿನ ಶೆಡ್ಡಿನಲ್ಲಿ ಅವರು ಬೀಸುವ ಯಂತ್ರಕ್ಕೆ ನಾರಿನ ಗಂಜಿ ಸುರಿಯುತ್ತಿದ್ದಾರೆ. ಬಾಳೆ ಜಾತಿಯ ಅಬಾಕಾ ಗಿಡದಿಂದ ಹಗ್ಗದ ನಾರು ಸುಲಿದ ಮೇಲೆ ಉಳಿಯುವ ಕಸ ಅದು. ಸೋಡಾದಲ್ಲಿ ಬೇಯಿಸಿ, ತೊಳೆದು, ನೀರಿನ ಜೊತೆ ಎರಡು ಕಲ್ಲುಗಳ ನಡುವೆ ಹದಿನೈದು ಸಲ ಹಾಯಿಸಬೇಕು. ಎಳೆ ಸೀಳುತ್ತ ಸೀಳುತ್ತ ಕೂದಲಿನ ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತದೆ. ಕಡೆಗೆ ಬಕೆಟ್ಟಿಗೆ ಬೀಳುವುದು ಬಿಳಿ ಲೋಳೆ. ಪ್ರಯೋಗಾಲಯದವರು ಅದನ್ನು ನ್ಯಾನೊ ನಾರು ಎನ್ನುತ್ತಾರೆ. ಪುರಿತಾ ಸಿಂಬಳ ಎನ್ನುತ್ತಾರೆ. ದಿನಕ್ಕೆ ಎಂಟು ಕಿಲೊ ಕಸ, ಒಂದು ಬಕೆಟ್ ಸಿಂಬಳ.

ಮರಗೆಣಸಿನ ಹಿಟ್ಟಿನಿಂದ ಮಾಡಿದ ಹಾಳೆ ಮೊದಲ ಮಳೆಗೇ ಕರಗುತ್ತದೆ. ಈ ಲೋಳೆ ಬೆರೆಸಿದರೆ ತಡೆಯುತ್ತದೆ. ಆ ಹಾಳೆಯಿಂದ ಸಸಿಚೀಲ ಆಗುತ್ತದೆ. ಸಸಿಯನ್ನು ಚೀಲದ ಸಮೇತ ನೆಟ್ಟರೆ ಚೀಲ ಮಣ್ಣಲ್ಲೇ ಕೊಳೆಯುತ್ತದೆ. ಕಪ್ಪು ಪ್ಲಾಸ್ಟಿಕ್ ಗುಡ್ಡದ ತುಂಬ ಹಾರಾಡುವುದಿಲ್ಲ.

ಮೊದಲು ಪುರಿತಾ ಅವರದು ನಾರು ಒಣಗಿಸುವ ಕೂಲಿ. ಗಂಡ ಸೆಲ್ಸೊ ಈಗಲೂ ನಾರು ಸುಲಿಯುತ್ತಾರೆ. ಇಲ್ಲಿ ಒದ್ದೆ ನಾರು ಬಿಟ್ಟರೆ ಕಂದುಗಟ್ಟಿ ಬೆಲೆ ಬೀಳುತ್ತದೆ. ಬಿಸಿಲು ಕಂಡರೆ ಪಕ್ಕದ ಮನೆಯವರ ನಾರನ್ನೂ ಹರವುತ್ತಾರೆ, ಯಾರೂ ಯಾರನ್ನೂ ಕೇಳುವುದಿಲ್ಲ.

ಅಕ್ಟೋಬರಿನಲ್ಲಿ ವಾರದ ಮಳೆ ಬಿಟ್ಟು ಬಿಸಿಲು ಬಂತು. ಪುರಿತಾ ಸಾವಿನ ಮನೆಯ ಪ್ರಾರ್ಥನೆಗೆ ಹೋಗಿದ್ದರು. ಮರಳಿದಾಗ ಸೆಲ್ಸೊ ಶೆಡ್ಡಿನ ಬಾಗಿಲಲ್ಲೇ ನಿಂತಿದ್ದರು.

"ನೋಡೇ ಪುರಿಂಗ್, ನಿನ್ನ ಸಿಂಬಳ ಎಲ್ಲಾ ಗರಿಗರಿ ಒಣಗಿಸಿಟ್ಟಿದೀನಿ!"

"ಯಾರು ಹೇಳಿದ್ರು ನಿಂಗೆ?"

"ಹೇಳ್ಬೇಕಾ? ಬಿಸಿಲು ಬಂತಲ್ಲ!"

ಈ ಲೋಳೆ ಒಣಗಿದರೆ ಎಳೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಮತ್ತೆ ಬಿಡುವುದಿಲ್ಲ. ಸೆಲ್ಸೊ ಹರವಿದ್ದ ತಟ್ಟೆಗಳಲ್ಲಿ ಉಳಿದದ್ದು ಕೊಂಬಿನಂಥ ಬಿಲ್ಲೆಗಳು. ನೆನೆಸಿದರೂ ಅವು ಬಿಲ್ಲೆಗಳೇ.

ಸಂಘದ ಅಧ್ಯಕ್ಷ ಬಾಡೊಂಗ್ ಒಂದು ಬಿಲ್ಲೆ ಎತ್ತಿ ನೋಡಿದರು. "ಅಕ್ಕಾ, ಉಗುರು ಹೋಗಿತ್ತಲ್ಲ, ಸೆಲ್ಸೊ ಹೊಸದು ಮಾಡ್ಕೊಟ್ಟಿದಾನೆ. ಅಂಟಿಸ್ಕೊಳ್ಳಿ." ಆಮೇಲೆ ನಗಲಿಲ್ಲ. "ಶನಿವಾರ ಸಸಿಮಡೀಲಿ ಸಸಿ ಚೀಲಕ್ಕೆ ಹಾಕ್ಬೇಕು. ನಿಮ್ ಚೀಲ ಇಲ್ದಿದ್ರೆ ಪ್ಲಾಸ್ಟಿಕ್ಕೇ ತರಿಸ್ತೀನಿ. ಶೆಡ್ ಬೀಗ ಹಾಕ್ತೀನಿ."

ಪುರಿತಾ ಅವತ್ತೇ ಮತ್ತೆ ಒಲೆ ಹಚ್ಚಿದರು. ಸೆಲ್ಸೊ ಸುಲಿಯುವ ಕೆಲಸ ಬಿಟ್ಟು ನೀರು ಹೊತ್ತರು.

"ಆಕಾಶ ನೋಡ್ಬೇಡ, ಬಕೆಟ್ ನೋಡು."

"ಬಿಸಿಲು ಚೆನ್ನಾಗಿದೆ ಕಣೇ..."

"ನಿನ್ ಲುಂಗಿ ಒಣಗಿಸ್ಕೋ ಹೋಗು!"

ಶನಿವಾರ ಬೆಳಿಗ್ಗೆ ಕೊನೆಯ ಚೀಲ ಅಚ್ಚಿನಿಂದ ಹೊರಬಂತು. ಶೆಡ್ಡಿಗೆ ಬೀಗ ಬೀಳಲಿಲ್ಲ.

ಈಗ ಬಕೆಟ್ಟುಗಳ ಮೇಲೆ ಒದ್ದೆ ಗೋಣಿ ಹೊದಿಸಿದೆ. ಯಂತ್ರ ನಿಲ್ಲಿಸಿ ಪುರಿತಾ ಕೈ ಒರೆಸಿಕೊಳ್ಳುತ್ತಾರೆ. "ಈ ಊರಲ್ಲಿ ನಾರು ಒಣಗಿಸೋದು ಎಲ್ರಿಗೂ ಬರುತ್ತೆ. ಒದ್ದೆಯಾಗೇ ಉಳಿಸೋದು ಬರೋದು ನಂಗೊಬ್ಬಳಿಗೇ."

ಸಸಿಮಡಿಗೆ ಹೋದದ್ದು ನಾನೂರು ಚೀಲ. ನವೆಂಬರಿನ ಚಂಡಮಾರುತ ಮುಗಿದ ಮೇಲೆ ಬಾಡೊಂಗ್ ಅವರೇ ಎಣಿಸಿದರು. ಹಾಳಾದದ್ದು ಒಂಬತ್ತು. ಅದರಲ್ಲಿ ನಾಲ್ಕನ್ನು ಅವರದೇ ಮೇಕೆ ತಿಂದಿತ್ತು.